ಖುಷಿ ಹಿಡಿಯುವ ಪೆನ್ಸಿಲ್

ಭೈರೇಶ ಬಾಯಿ ಮುಚ್ಚಿಕೊಂಡಿದ್ದರೆ ಆ ಬೆಳಗ್ಗೆ ಏನೂ ಆಗುತ್ತಿರಲಿಲ್ಲ. ಆದರೆ ಐದು ರೂಪಾಯಿ ಪೆನ್ಸಿಲಿನಿಂದ ಪಿಎಚ್‌ಡಿ ಗಿಟ್ಟಿಸಲು ಹೊರಟವನಿಗೆ ಸುಮ್ಮನಿರುವುದು ಎಲ್ಲಿ ಸಾಧ್ಯ?

ಮೂಡಲಪಾಳ್ಯದಲ್ಲಿ ಅವನು ಬಾಡಿಗೆಗಿದ್ದ ಮನೆಯ ಓನರ್ ಅಕ್ಕಯ್ಯಮ್ಮ ದಿನದಂತೆ ಪೂಜೆ ಮುಗಿಸಿ, ಮಹಡಿ ಹತ್ತಿ ಬಂದು, ಪ್ರಸಾದದ ಬಾಳೆಹಣ್ಣನ್ನು ಅವನ ಕೈಗಿಟ್ಟರು. "ಅಲ್ಲ ಕಣಪ್ಪ, ಇಷ್ಟು ದೊಡ್ಡೋನಾಗಿ ದಿನಾ ಪೆನ್ಸಿಲ್ ಹಿಡ್ಕೊಂಡು ಅದೇನ್ ಮಾಡ್ತೀಯ?"

ಭೈರೇಶ ಹಣ್ಣನ್ನು ಎರಡೇ ತುತ್ತಿಗೆ ಮುಗಿಸಿ, ಅದೇ ಕೈಯಲ್ಲಿ ತನ್ನ ಮೆಚ್ಚಿನ ಪೆನ್ಸಿಲಿನ ಮೊನೆಯನ್ನು ಕರುವಿನ ಮೈ ಸವರಿದಂತೆ ಸವರಿದ.

"ಇದು ಖುಷಿ ಹಿಡಿಯುತ್ತೆ ಅಮ್ಮ. ನಮ್ಮ ಮಿದುಳಲ್ಲಿ ಡೋಪಮೈನ್ ಅಂತ ಒಂದು ರಸ ಇರುತ್ತೆ. ಖುಷಿ ಆಗೋಕೆ ಅದೂ ಒಂದು ಕಾರಣ. ಅದನ್ನ ಅಳೆಯೋ ಫಾರಿನ್ ಕಡ್ಡಿ ಸಿಕ್ಕಾಪಟ್ಟೆ ದುಬಾರಿ. ಅದೇ ಕೆಲಸಾನ ಇದರೊಳಗಿರೋ ಗ್ರಾಫೈಟ್ ಕಡ್ಡಿ ಮಾಡುತ್ತೆ, ನೋಡಿ."

ಪೆನ್ಸಿಲಿನ ಹಿಂತುದಿಗೆ ವೈರ್ ಸಿಕ್ಕಿಸಿ, ಮೊನೆಯನ್ನು ಡೋಪಮೈನ್ ಬೆರೆಸಿದ ಉಪ್ಪುನೀರಿಗೆ ಇಳಿಸಿದ. ಲ್ಯಾಪ್‌ಟಾಪಿನಲ್ಲಿ ನೆಟ್ಟಗೆ ಹೋಗುತ್ತಿದ್ದ ಗೆರೆ ಒಂದು ಕಡೆ ಮೆಲ್ಲಗೆ ಎದ್ದು, ಗುಡ್ಡವಾಗಿ, ಮತ್ತೆ ಇಳಿಯಿತು.

ಅಕ್ಕಯ್ಯಮ್ಮ ಕೈ ಮುಗಿದೇಬಿಟ್ಟರು. "ಶಿವನೇ! ಖುಷಿ ಅಂದ್ರೆ ಹಿಂಗಿರ್ತದಾ?"

ತಲೆಯೊಳಗೆ ಯಾರ ಕಣ್ಣಿಗೂ ಬೀಳದ್ದು ಮಕ್ಕಳ ಕಂಪಾಸ್ ಡಬ್ಬಿಯ ಪೆನ್ಸಿಲಿಗೆ ಸಿಕ್ಕಿಬೀಳುತ್ತದೆಂದರೆ! ಎಷ್ಟೋ ಸಲ ನೋಡಿದ್ದರೂ ಭೈರೇಶನಿಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತಿತ್ತು. ಕಾಲೇಜಿಗೆ ರಜೆಯಾದ್ದರಿಂದ ಗೈಡ್ ಅನಂತಲಕ್ಷ್ಮಿ ಮೇಡಂ ಇವತ್ತು ಮನೆಗೇ ಬರುವವರಿದ್ದರು. ಈ ಗುಡ್ಡವನ್ನು ಅವರು ಕಣ್ಣಾರೆ ನೋಡಿ ಒಪ್ಪಿದರೆ ಸಂಜೆಯೊಳಗೆ ಥೀಸಿಸ್ ಸಲ್ಲಿಸಬಹುದು. ಸಂಜೆಗೆ ಗಡುವು ಮುಗಿಯುತ್ತಿತ್ತು.

ಅಷ್ಟರಲ್ಲಿ ಅಕ್ಕಯ್ಯಮ್ಮ ಕೆಳಗಿನಿಂದ ಒಂದು ಲೋಟ ತಂದರು. "ನಮ್ಮನೆ ಕಾವೇರಿ ನೀರು. ಇದ್ರಲ್ಲಿ ಇಳಿಸು."

"ಬರೀ ನೀರಲ್ಲಿ ಏನಿರುತ್ತೆ ಅಮ್ಮ?" ಎಂದು ಭೈರೇಶ ನಕ್ಕ. ಏನೂ ಇರುವುದಿಲ್ಲವೆಂದೇ ಅವನು ಇಷ್ಟು ದಿನ ಬರೀ ನೀರನ್ನು ಪರೀಕ್ಷಿಸುವ ಗೋಜಿಗೆ ಹೋಗಿರಲಿಲ್ಲ. ಅವರ ಸಮಾಧಾನಕ್ಕೆ ಚಿಟಿಕೆ ಉಪ್ಪು ಹಾಕಿ, ಮೊನೆಯನ್ನು ತೊಳೆದು ಬೆರಳಿಂದ ಒರೆಸಿ ಇಳಿಸಿದ.

ಗುಡ್ಡ ಎದ್ದಿತು.

"ನೋಡ್ದಾ! ಕಾವೇರಿ ತಾಯಿ!" ಅಕ್ಕಯ್ಯಮ್ಮನ ಕೂಗು ಬೀದಿಯ ಕೊನೆಯವರೆಗೂ ಕೇಳಿತು. ಪಕ್ಕದ ಬಾಡಿಗೆ ಮನೆಯ ಹಾಲವ್ವ ತಂಬಿಗೆ ಹಿಡಿದು ಓಡಿಬಂದಳು. ಓನರಿಗೆ ಕಾವೇರಿ, ಬಾಡಿಗೆಯವರಿಗೆ ಬೋರ್ ನೀರು ಎಂಬ ಸಿಟ್ಟು ಅವಳಿಗೆ ಹಾವೇರಿಯಿಂದ ಬಂದಾಗಿನಿಂದಲೂ ಇತ್ತು.

"ನಮ್ಮ ಬೋರಿನ ನೀರು ಏನ್ ಪಾಪ ಮಾಡೇತ್ರಿ ಅಣ್ಣಾರ? ಅದನ್ನೂ ನೋಡ್ರಿ!"

ಭೈರೇಶ ಬೆವರುತ್ತ ಮೊನೆಯನ್ನು ಮತ್ತೊಮ್ಮೆ ಬೆರಳಿಂದ ಚೆನ್ನಾಗಿ ಒರೆಸಿ ಇಳಿಸಿದ. ಈ ಸಲದ ಗುಡ್ಡ ಮೊದಲಿನದಕ್ಕಿಂತ ದೊಡ್ಡದು.

"ಬಾಡಿಗಿ ಮಂದಿ ನೀರಾಗ ಖುಷಿ ಜಾಸ್ತಿ ಐತ್ರೀ!"

"ನಮ್ ಬೋರ್ ತಾನೇ ಅದೂ!" ಅಕ್ಕಯ್ಯಮ್ಮ ಸೆರಗು ಸಿಕ್ಕಿಸಿದರು.

"ಗ್ಲಾಸಲ್ಲಿ ಏನಿದೆ ಭೈರೇಶ್?"

ಬಾಗಿಲಲ್ಲಿ ಅನಂತಲಕ್ಷ್ಮಿ ಮೇಡಂ ನಿಂತಿದ್ದರು.

"ನೀರು... ಮೇಡಂ."

ಮೇಡಂ ಸೋಪು ಹಚ್ಚಿ ಕೈ ತೊಳೆದು, ಎರಡೂ ನೀರನ್ನು ಹೊಸದಾಗಿ ತರಿಸಿ ಉಪ್ಪು ಹಾಕಿ, ಹೊಸ ಪ್ಯಾಕೆಟ್ಟಿನಿಂದ ಒಂದು ಪೆನ್ಸಿಲ್ ತೆಗೆದು ತಾವೇ ಇಳಿಸಿದರು. ಕಾವೇರಿಯಲ್ಲಿ ಗೆರೆ ನೆಟ್ಟಗೆ ಮಲಗಿತು, ಬೋರ್ ನೀರಿನಲ್ಲೂ ಮಲಗಿತು. ಡೋಪಮೈನ್ ನೀರಿನಲ್ಲಿ ಮಾತ್ರ ಪುಟ್ಟದೊಂದು ಗುಡ್ಡ ಎದ್ದಿತು. ಆಮೇಲೆ ಅವರು ಭೈರೇಶನ ಮೆಚ್ಚಿನ ಪೆನ್ಸಿಲನ್ನು ಮೂಗಿನ ಹತ್ತಿರ ಹಿಡಿದರು.

"ಬೆಳಗ್ಗೆ ಬಾಳೆಹಣ್ಣು ತಿಂದ್ರಾ?"

"ದಿನಾ ತಿಂತೀನಿ ಮೇಡಂ. ಪ್ರಸಾದ."

"ಬಾಳೆಹಣ್ಣಲ್ಲೂ ಡೋಪಮೈನ್ ಇರುತ್ತೆ ಕಣ್ರಿ."

ಭೈರೇಶ ಕುಸಿದು ಕುಳಿತ. ಆದರೆ ಮೇಡಂ ಕಣ್ಣರಳಿಸಿ ಪೆನ್ಸಿಲನ್ನೇ ನೋಡುತ್ತಿದ್ದರು. "ಬೆರಳಿಗೆ ಅಂಟಿದ್ದ ಚೂರೇ ಚೂರು ಹಣ್ಣನ್ನ ಪತ್ತೆ ಮಾಡಿದೆ! ಅದ್ಭುತ! ಎಂಥಾ ಪೆನ್ಸಿಲ್ರೀ ಇದು!"

ಭೈರೇಶನ ಮುಖ ಅರಳಿತು. "ಹಾಗಾದ್ರೆ ಥೀಸಿಸ್ ಸಬ್ಮಿಟ್ ಮಾಡ್ಲಾ ಮೇಡಂ?"

"ಪೆನ್ಸಿಲ್ ಪಾಸು. ನೀವು ಫೇಲು. ಕೈ ತೊಳ್ಕೊಂಡು ಎಲ್ಲಾ ಮೊದಲಿಂದ ಮಾಡಿ."

ಮೇಡಂ ಮೆಟ್ಟಿಲಿಳಿದು ಹೋದರು. ಹಾಲವ್ವ ತಂಬಿಗೆ ಎತ್ತಿಕೊಂಡು ಮೆಲ್ಲಗೆ ಜಾರಿಕೊಂಡಳು. ತಲೆ ಮೇಲೆ ಕೈ ಹೊತ್ತು ಕುಳಿತವನನ್ನು ನೋಡಿ ಅಕ್ಕಯ್ಯಮ್ಮನ ಕರುಳು ಚುರುಕ್ ಎಂದಿತು. ಅವಸರವಾಗಿ ಕೆಳಗೆ ಹೋಗಿ ಬಂದು ಅವನ ತಲೆ ಸವರಿದರು.

"ಬೇಜಾರ್ ಮಾಡ್ಕೋಬೇಡ ಕಣಪ್ಪ. ಖುಷಿ ಇದ್ರಲ್ಲೇ ಐತೆ ಅಂತ ಮೇಡಮ್ಮೇ ಹೇಳಿದ್ರಲ್ಲ. ತಗೋ, ಇನ್ನೊಂದು ಬಾಳೆಹಣ್ಣು ತಿನ್ನು."