ಕಾಕಾ ಬರೆದ ನೋವಿನ ವೇಳಾಪಟ್ಟಿ

ನಮ್ಮ ಕಾಕಾನ ಜೊತೆ ಒಂದೇ ಸೂರಿನಡಿ ಒಂದು ವಾರ ಇದ್ದು, ತಲೆ ಚಚ್ಚಿಕೊಳ್ಳದೆ ಹೊರಬಂದವರು ಯಾರಾದರೂ ಇದ್ದರೆ ಹೇಳಿ, ಅವರಿಗೆ ನಾನೇ ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಕಾಕಾ ಎಂದರೆ ನಮ್ಮಪ್ಪನ ತಮ್ಮ. ವಾಡಿಯಲ್ಲಿ ರೈಲು ಬಂದ ಹೊತ್ತು, ಹೋದ ಹೊತ್ತು ಬರೆಯುವ ನೌಕರಿ ಮಾಡಿ ನಿವೃತ್ತರಾದರು. ನೌಕರಿ ಬಿಟ್ಟಿತು, ಬರೆಯುವ ಚಟ ಬಿಡಲಿಲ್ಲ. ಹಾಲು ಉಕ್ಕಿದ್ದು, ಕರೆಂಟು ಹೋದದ್ದು, ಬೀಗರು ಬಂದದ್ದು ಎಲ್ಲವೂ ಗಂಟೆ, ನಿಮಿಷ ಸಮೇತ ಅವರ ಡೈರಿಯಲ್ಲಿ ಇರಬೇಕು.

ಸೇಡಂನಲ್ಲಿ ನನ್ನ ಮದುವೆ. ಅಕ್ಷತೆ ಬಿದ್ದ ಕೂಡಲೇ ಎಲ್ಲರೂ ಕಣ್ಣೊರೆಸಿಕೊಂಡರೆ, ಕಾಕಾ ಪುರೋಹಿತರ ಬಳಿ ಹೋಗಿ, "ಏಳ್ ಮಿನಿಟ್ ಲೇಟ್ ಆಯ್ತಲ್ರಿ, ಕಾರಣ ಏನು?" ಎಂದರು. "ವಿಡಿಯೋದವನಿಗೆ ಕೇಳ್ರಿ," ಎಂದರು ಅವರು. ಕಾಕಾ ಹಾಗೆಯೇ ಬರೆದುಕೊಂಡರು! ಇನ್ನೊಮ್ಮೆ "ಬರ್ತೀವ್ರಿ" ಎಂದು ಎದ್ದು, ಬಾಗಿಲಲ್ಲಿ ಮತ್ತೆ ಮಾತಿಗೆ ನಿಂತ ನನ್ನ ಅತ್ತೆಗೆ, "ನೀವು ಹೊಂಟು ನಲವತ್ತ್ ಮಿನಿಟ್ ಆಯ್ತ್ರಿ," ಎಂದರು. ಅತ್ತೆ ಅಂದೇ ಕಾಕಾನ ಜೊತೆ ಮಾತು ಬಿಟ್ಟರು.

ಚೊಚ್ಚಲ ಹೆರಿಗೆಗೆ ಶಹಾಬಾದಿನ ತವರಿಗೆ ಬಂದೆ. ಹೊಟ್ಟೆಯಲ್ಲಿ ಮಗು ಒದ್ದರೂ ಪಕ್ಕದ ಕೋಣೆಯಿಂದ ಕಾಕಾನ "ಎಷ್ಟಕ್ಕ?" ಎಂಬ ಪ್ರಶ್ನೆ! ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತಿದ್ದೆ. ಎದೆಯೊಳಗೆ ಹಳೆ ಸೀರೆ ಪರ್ರನೆ ಹರಿದ ಹಾಗಾಯಿತು. ಕುಸಿದು ಕುಳಿತೆ. ಅವ್ವ, "ಗ್ಯಾಸ್ ಆಗಿರ್ಬೇಕು, ಅಜವಾನ ನೀರು ಕುಡಿ," ಎಂದಳು. ಕಾಕಾ ಡೈರಿ ಹಿಡಿದು ಎದುರಿಗೆ ಕುಳಿತರು.

"ಸಣ್ಣಗ ಸುರು ಆಗಿ ಏರ್ತೋ, ಒಮ್ಮಿಗೇ ಬಂತೋ?"

"ಒಮ್ಮಿಗೇ! ಕಾಕಾ, ನಂದು ಜೀವ ಹೋಗ್ಲಿಕತ್ತದ, ನೀವು ಬರೀಲಿಕತ್ತೀರಿ!"

"ಈಗ ಎಲ್ಲದ?"

"ಬೆನ್ನಾಗ!"

"ಎಂಟು ನಲವತ್ತು, ಎದಿಯಿಂದ ಬೆನ್ನಿಗೆ," ಎಂದು ಬರೆದ ಕಾಕಾ ತಟ್ಟನೆ ಅವ್ವನ ಕಡೆ ತಲೆ ಎತ್ತಿದರು. "ವೈನಿ, ಗ್ಯಾಸ್ ಹಿಂಗ ಬರೂದಿಲ್ಲ. ಅಜವಾನ ಬಾಜೂಕ ಇಡ್ರಿ, ಜಲ್ದಿ ಗಾಡಿ ಕರೀರಿ!"

ಕಲಬುರಗಿ ಮುಟ್ಟುವ ತನಕ ಅದೇ ವಿಚಾರಣೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅದೊಂದನ್ನು ಮಾತ್ರ ಅವರು ಬರೆದುಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಹೆರಿಗೆ ನೋವೆಂದೇ ಅಂದುಕೊಂಡರು. ಕಾಕಾ ಡಾಕ್ಟರಮ್ಮನ ಮುಂದೆ ಡೈರಿ ಹಿಡಿದರು. ಹೇಗೆ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಸರಿಯಿತು, ಎಷ್ಟು ಹೊತ್ತಿಗೆ, ಎಲ್ಲವೂ ಅದರಲ್ಲಿತ್ತು. ಆಕೆ ನಗಲಿಲ್ಲ. ಎರಡೂ ತೋಳಿಗೆ ಬಿ.ಪಿ. ನೋಡಿದರು, ಬಲಕ್ಕೂ ಎಡಕ್ಕೂ ಬಹಳ ವ್ಯತ್ಯಾಸ. ಕೂಡಲೇ ಸ್ಕ್ಯಾನ್ ಮಾಡಿಸಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಹರಿದಿತ್ತು! ಬಸುರಿಯರಲ್ಲಿ ಅಪರೂಪಕ್ಕೆ ಹೀಗಾಗುತ್ತದಂತೆ. ತಡವಾದರೆ ತಾಯಿ, ಮಗು ಇಬ್ಬರೂ ಉಳಿಯುವುದಿಲ್ಲವಂತೆ. ಬಿ.ಪಿ. ಇಳಿಸುವ ಔಷಧಿಯನ್ನು ನರಕ್ಕೆ ಬಿಟ್ಟರು. ಮೊದಲು ಕೂಸನ್ನು ಹೊರತೆಗೆದು, ಅದರ ಬೆನ್ನಲ್ಲೇ ನಾಳ ಸರಿಪಡಿಸುತ್ತೇವೆ ಎಂದು ಒಳಗೆ ಕರೆದೊಯ್ದರು.

ನಾನು ಉಳಿದೆ, ಮಗಳೂ ಉಳಿದಳು. ಹತ್ತನೇ ದಿನ ಜಾತಕ ಬರೆಸುವ ಅವಸರದಲ್ಲಿ ಅತ್ತೆ ಮುನಿಸು ಮರೆತು ಕಾಕಾನನ್ನೇ ಕೇಳಿದರು: "ಕೂಸು ಹುಟ್ಟಿದ್ದು ಎಷ್ಟಕ್ಕರಿ?"

"ಗೊತ್ತಿಲ್ರಿ," ಎಂದರು ಕಾಕಾ. "ಆಸ್ಪತ್ರಿ ಚೀಟ್ಯಾಗ ನೋಡ್ರಿ."

ನನಗೆ ನಗು ತಡೆಯಲಾಗಲಿಲ್ಲ. "ಕಾಕಾ! ನೀವೇ ಬರೀಲಿಲ್ಲೇನು?"

ಅವರು ನನ್ನ ಮುಖ ನೋಡಲಿಲ್ಲ. ಹೊದಿಕೆಯ ಅಂಚು ಸರಿಮಾಡುತ್ತ ಮೆಲ್ಲಗೆ ಹೇಳಿದರು:

"ನರ್ಸಮ್ಮ ಕೂಸು ತಂದು ತೋರ್ಸಿದ್ಳವ್ವಾ. ಆದ್ರ ನೀ ಇನ್ನಾ ಒಳಗೇ ಇದ್ದಿ."