ನಾನೇ ಬಂದರೂ ಬಿಡಬೇಡ

ಆಸ್ಪತ್ರೆಯಲ್ಲಿ ಕೆಲಸ ಮಾಡುವವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಕೊರೋನಾ ಕಾಲದಲ್ಲಂತೂ ಅವು ಅಳಬೇಕಾದ ಜಾಗದಲ್ಲೇ ಸಿಗುತ್ತಿದ್ದವು. ದೆಹಲಿಯ ಒಂದು ಆಸ್ಪತ್ರೆಯಲ್ಲಿ ತುರ್ತು ವಿಭಾಗದ ನಿಯಮಗಳನ್ನು ಬರೆದು ಗೇಟಿಗೆ ಅಂಟಿಸುವುದು ನನ್ನ ಕೆಲಸವಾಗಿತ್ತು. ಬೆಳಗಿನ ನಿಯಮ ಮಧ್ಯಾಹ್ನಕ್ಕೆ ಹಳಸುತ್ತಿತ್ತು.

ರಿಪೋರ್ಟು

'ಟೆಸ್ಟ್ ರಿಪೋರ್ಟ್ ಇಲ್ಲದವರಿಗೆ ಪ್ರವೇಶವಿಲ್ಲ' ಎಂದು ಒಂದು ದಿನ ಅಂಟಿಸಿದೆ. ಟೆಸ್ಟ್ ಮಾಡುವ ಕೌಂಟರ್ ಇದ್ದದ್ದು ಗೇಟಿನ ಒಳಗೆ. ದೆಹಲಿಯದೇ ಬಡಾವಣೆ ದ್ವಾರಕಾದಿಂದ ಕೆಮ್ಮುತ್ತ ಬಂದಿದ್ದ ನಿವೃತ್ತ ಅಧಿಕಾರಿಯೊಬ್ಬರು ಅದನ್ನು ಎರಡು ಸಲ ಓದಿದರು.

"ಚೆನ್ನಾಗಿ ಬರೆದಿದ್ದೀರಿ. ಸರ್ವಿಸಿನಲ್ಲಿದ್ದಾಗ ನಾನೂ ಹೀಗೇ ಬರೀತಿದ್ದೆ" ಎಂದರು.

ನಾಚಿಕೆಯಾಗಿ ಕೌಂಟರನ್ನು ಹೊರಗೆ ಹಾಕಿಸಿದೆ. ಅಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಅವರಿಗೆ ಏನಾಯಿತೋ, ಇವತ್ತಿಗೂ ಗೊತ್ತಿಲ್ಲ.

ಚೀಟಿ

ಆಮೇಲೆ ಶಿಫಾರಸಿನವರ ಕಾಟ ಶುರುವಾಯಿತು. ಪ್ರತಿಯೊಬ್ಬರಿಗೂ ಯಾರೋ ಒಬ್ಬ ಮಂತ್ರಿ ಗೊತ್ತು. ಡಾಕ್ಟರ್ ಹೊರಬಂದು ನೋಡಿ ಚೀಟಿ ಕೊಟ್ಟ ಹೊರತು ಯಾವ ರೋಗಿಯೂ ಒಳಗೆ ಬರಕೂಡದು ಎಂದು ಬರೆದೆ. ಗೇಟಿನ ಗಾರ್ಡಿಗೆ ಒತ್ತಿ ಹೇಳಿದೆ: "ಭಯ್ಯಾ, ನಾನೇ ಬಂದು ಕೇಳಿದರೂ ಬಿಡಬೇಡ."

ಅವನು ಅದೇ ದಿನ ನಮ್ಮ ದೊಡ್ಡ ಡಾಕ್ಟರನ್ನೇ ಚೀಟಿಯಿಲ್ಲವೆಂದು ಬಿಸಿಲಲ್ಲಿ ನಿಲ್ಲಿಸಿದ. ನಾನು ಅವನ ಬೆನ್ನು ತಟ್ಟಿದೆ.

ಸಿಲಿಂಡರು

ಮರುವಾರ ನನ್ನ ಹೆಂಡತಿಗೇ ಉಸಿರು ಕಟ್ಟಿತು. ಮಯೂರ್ ವಿಹಾರದ ಮನೆಯಿಂದ ಆಟೋದಲ್ಲಿ ಕರೆತಂದೆ. ಅವಳ ತುಟಿ ನೀಲಿಯಾಗಿತ್ತು. ಗಾರ್ಡ್ ಅಡ್ಡ ನಿಂತ.

"ಚೀಟಿ, ಸಾಬ್?"

"ನಾನಪ್ಪಾ, ನಾನು."

"ನೀವೇ ಬಂದ್ರೂ ಬಿಡಬೇಡ ಅಂದಿದ್ರಿ, ಸಾಬ್."

ಡಾಕ್ಟರ್ ಒಳಗೆ ಇನ್ನೊಬ್ಬರ ಎದೆ ಒತ್ತುತ್ತಿದ್ದರು, ಹೊರಬರುವಂತಿರಲಿಲ್ಲ. ಆ ಗೇಟಿನಲ್ಲಿ ನಾನು ಎಷ್ಟು ಜನರನ್ನು ಹೀಗೆ ನಿಲ್ಲಿಸಿದ್ದೆನೋ. ಹೆದರಿಕೆಗಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಅಸಹ್ಯ ಬಂತು.

ಆಗ ನಮ್ಮ ವಿಭಾಗದ ನರ್ಸ್, ಮಂಗಳೂರಿನ ಸಿಸ್ಟರ್ ಒಬ್ಬರು ಆಮ್ಲಜನಕದ ಸಿಲಿಂಡರನ್ನು ದಡದಡ ಉರುಳಿಸಿಕೊಂಡು ಗೇಟಿನ ಹೊರಗೆ ಬಂದರು.

"ರೋಗಿ ಒಳಗೆ ಬರಬಾರದು ಅಂತ ಬರ್ದಿದ್ದೀರಿ ಮಾರಾಯ್ರೆ. ಸಿಲಿಂಡರ್ ಹೊರಗೆ ಹೋಗಬಾರದು ಅಂತ ಬರೀಲಿಲ್ಲವಲ್ಲ."

ಆಟೋದಲ್ಲೇ ಅವಳಿಗೆ ಮಾಸ್ಕ್ ಹಾಕಿದರು. ತುಟಿಗೆ ನಿಧಾನವಾಗಿ ಬಣ್ಣ ಬಂತು. ನಾನು ಅಲ್ಲೇ ನಿಂತು ಅತ್ತೆ. ಮೊದಲು ಆಮ್ಲಜನಕ, ಆಮೇಲೆ ಚೀಟಿ ಎಂದು ಅವತ್ತೇ ನಿಯಮ ತಿದ್ದಿದ್ದಾಯಿತು.

ಆದರೆ ಅದಕ್ಕೂ ಮೊದಲು, ಉಸಿರು ಬಂದ ಕೂಡಲೇ ಹೆಂಡತಿ ಮಾಸ್ಕ್ ಸರಿಸಿ ಕೇಳಿದಳು: "ಈ ರೂಲ್ ಬರೆದ ಪುಣ್ಯಾತ್ಮ ಯಾರ್ರೀ?"

"ಯಾರೋ ಮೇಲಿನವರು ಕಣೇ" ಎಂದೆ.

ಗಾರ್ಡಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ. ಆದರೂ ಅವಳು ಗೇಟಿನ ಕಾಗದ ನೋಡಿದ್ದನ್ನು ಕಂಡು, ಗ್ಲೌಸ್ ಹಾಕಿದ ಬೆರಳನ್ನು ಬಹಳ ಗೌರವದಿಂದ ನನ್ನ ಕಡೆ ತೋರಿಸಿದ.