ಮಡಿಲಿನ ಪದ್ಯ, ಒಲೆ ಮುಂದಿನ ಬೈಗುಳ

ನಾನು ತಾಯ್ತನದ ಮೇಲೆ ಪದ್ಯ ಬರೆಯೋಕೆ ಕೂತ ದಿನ ನಮ್ಮನೇಲಿ ಏನಾದರೂ ಒಂದು ಆಗೇ ಆಗುತ್ತೆ. ಆಗದ ದಿನ ನನಗೇ ಭಯ.

ನಮ್ಮದು ಪಾಲಹಳ್ಳಿ. ಏಳು ವರ್ಷದ ಮಗಳು, ಮೂರು ವರ್ಷದ ಮಗ, ಎರಡು ಸೀಮೆ ಹಸು, ಇವರೆಲ್ಲರ ಮೇಲೆ ನಮ್ಮತ್ತೆ. ಯಜಮಾನರು ಪಾಂಡವಪುರದಲ್ಲಿ ಟ್ರಾಕ್ಟರು ರಿಪೇರಿ ಮಾಡ್ತಾರೆ. ನನ್ನ ಪದ್ಯ ಕೇಳಿ 'ಚೆನ್ನಾಗದೆ' ಅಂತಾರೆ, ನಾನು ಓದೋಕೆ ಶುರು ಮಾಡೋಕೆ ಮುಂಚೆನೇ.

ಇಂಥ ನನಗೆ ಈ ವರ್ಷ ನಾಗಮಂಗಲದ ಒಂದು ಕವಿಗೋಷ್ಠಿಯಿಂದ ಕರೆ ಬಂತು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗಿತ್ತು! ಇಷ್ಟು ವರ್ಷ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದವಳು ನಾನು. ಒಂದೇ ಒಂದು ಸಲ ಮೈಕಿನ ಮುಂದೆ ನಿಂತು ನನ್ನ ಪದ್ಯ ಓದಬೇಕು, ಅಷ್ಟೇ ನನ್ನ ಆಸೆ.

೧. ಸಹನೆ

ಮೊದಲು 'ತಾಯಿಯ ಸಹನೆ' ಅಂತ ಶುರು ಮಾಡಿದೆ. ಎರಡು ಸಾಲು ಆಗಿರಬೇಕು, ಮಗ ಬಂದು ಪೆನ್ನು ಎಳೆದ. ಕೊಟ್ಟೆ. ಇನ್ನೊಂದು ಪೆನ್ನು ತಂದೆ. ಹಾಳೆ ಎಳೆದ. ಬೆನ್ನ ಮೇಲೆ ಒಂದು ಬಿಟ್ಟೆ. ಅವನ ಕಿರುಚಾಟಕ್ಕೆ ಕೊಟ್ಟಿಗೆಯ ಹಸುಗಳೂ ದನಿಗೂಡಿಸಿದವು.

ಮಗಳು ಓಡಿ ಬಂದು ತಮ್ಮನ ಕೈ ಹಿಡಿದು ಆಚೆ ಎಳಕೊಂಡು ಹೋಗ್ತಾ ಬುದ್ಧಿ ಹೇಳ್ತಿದ್ದಳು: "ಅಮ್ಮ ಸಹನೆ ಬರೀತಾವ್ಳೆ ಕಣೋ. ಅದು ಮುಗಿಯೋಗಂಟ ಅತ್ರ ಹೋಗ್ಬೇಡ, ಹೊಡೀತಾಳೆ."

೨. ಎತ್ಕಂಡಿದ್ದು ಯಾರು?

ಸಹನೆ ಕೈಬಿಟ್ಟು 'ಮಡಿಲು' ಅಂತ ಬರೆದೆ. ಮಗನನ್ನ ಅತ್ತೆ ಸೊಂಟಕ್ಕೇರಿಸಿ, ಮೂರು ದಿನದಲ್ಲಿ ನಾಲ್ಕು ಚರಣ ಮುಗಿಸಿದೆ. ಹೆಮ್ಮೆ ತಡೀಲಾರದೆ ಅತ್ತೆಗೇ ಮೊದಲು ಓದಿದೆ.

ಅತ್ತೆ ಪೂರ್ತಿ ಕೇಳಿದರು. ಆಮೇಲೆ ಮೊಮ್ಮಗನನ್ನ ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡು ಕೇಳಿದರು: "ಮಡ್ಲಲ್ಲಿ ಮಗ ಮಲಗವ್ನೆ ಅಂತ ಬರ್ದಿದ್ದೀಯಲ್ಲಮ್ಮಿ, ನೀನ್ ಬರೀವಾಗ ಅವ್ನು ಯಾರ್ ಮಡ್ಲಲ್ಲಿದ್ದ?"

ನಾನು ಹಾಳೆ ಮಡಚೋಕೆ ಶುರು ಮಾಡಿದೆ. ಅಷ್ಟರಲ್ಲಿ ಅವರೇ ಅಂದರು, "ಓಗ್ಲಿ ಬುಡು. ನಾಗಮಂಗ್ಲುಕ್ಕೆ ನಾನೂ ಬತ್ತೀನಿ. ಎತ್ಕಳಕ್ಕೆ ಅಲ್ಲೂ ಒಬ್ರು ಬೇಕಲ್ಲ."

೩. ಗ್ರೂಪಿಗೆ ಹೋದ ಪದ್ಯ

ಬರೆದಾಯ್ತು, ಇನ್ನು ಬಾಯಿಪಾಠ ಆಗಬೇಕು. ವೇದಿಕೆ ಮೇಲೆ ಚೀಟಿ ನೋಡಿ ಓದೋಕೆ ನನಗೆ ಅವಮಾನ. ಪುರುಸೊತ್ತು ಸಿಗೋದು ಒಲೆ ಮುಂದೆ ಮಾತ್ರ. ದಿನಾ ಮುದ್ದೆ ತಿರುವುತ್ತಾ ಜೋರಾಗಿ ಹೇಳಿಕೊಳ್ತಿದ್ದೆ, ಮಗಳು ಪಕ್ಕದಲ್ಲೇ ಕೂತು ಹೋಂವರ್ಕ್ ಬರೀತಿದ್ದಳು.

ಒಂದು ಬೆಳಗ್ಗೆ, ಹೇಗೆ ಕೇಳುತ್ತೋ ನೋಡೋಣ ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಯಜಮಾನರಿಗೆ ಕಳಿಸಿದೆ. ಕಳಿಸಿದೆ ಅಂದುಕೊಂಡೆ. ಹೋಗಿದ್ದು ನಮ್ಮ ಸ್ತ್ರೀಶಕ್ತಿ ಸಂಘದ ವಾಟ್ಸಾಪ್ ಗ್ರೂಪಿಗೆ. ಅದರಲ್ಲಿ ಎರಡು ಚರಣ ಪದ್ಯ, ಆಮೇಲೆ ನನ್ನ ಕೂಗು: "ಏನ್ಲಾ ಅದು ಬಾಯಲ್ಲಿ? ಉಗಿ! ಉಗಿಯೋ ಲೇ! ಅಯ್ಯೋ ನುಂಗ್ಬುಟ್ಟ!" ಅಲ್ಲಿಗೆ ಮುಗಿದಿತ್ತು.

ಶ್ರೀರಂಗಪಟ್ಟಣದಲ್ಲಿ ನನಗೆ ರವಿಕೆ ಹೊಲಿಯೋ ಸಾಬರ ಅಕ್ಕನೂ ಆ ಗ್ರೂಪಿನಲ್ಲಿದ್ದಾರೆ. ಮೊದಲ ಫೋನು ಅವರದೇ. "ಕವನ ಬಹುತ್ ಚೆನ್ನಾಗೈತೆ ಬೆಹೆನ್. ಆದ್ರೆ ಅಲ್ಲಾ ಕಸಮ್, ಪಾಪು ನುಂಗಿದ್ದು ಏನು, ಮೊದ್ಲು ಅದು ಹೇಳು!"

ನುಂಗಿದ್ದು ನಾನು ಸಾರಿಗೆ ಎತ್ತಿಟ್ಟಿದ್ದ ಬೆಲ್ಲದ ಉಂಡೆ. ಊರಿಗೆಲ್ಲ ಅದನ್ನ ಹೇಳಿ ಮುಗಿಸೋ ಹೊತ್ತಿಗೆ ಸಂಜೆಯಾಯ್ತು. ಪದ್ಯದ ಬಗ್ಗೆ ಯಾರೂ ಕೇಳಲಿಲ್ಲ.

೪. ನಾಗಮಂಗಲ

ಅಂತೂ ಆ ದಿನ ಬಂತು. ರೇಷ್ಮೆ ಸೀರೆ ಉಟ್ಟು, ಅತ್ತೆ, ಮಕ್ಕಳ ಜೊತೆ ಬಸ್ಸು ಹತ್ತಿದೆ. ಹತ್ತೂವರೆಗೆ ಅಂದಿದ್ದ ಗೋಷ್ಠಿ, ಸ್ವಾಗತ, ಪ್ರಾಸ್ತಾವಿಕ, ಹಾರ ತುರಾಯಿ ಎಲ್ಲ ಮುಗಿದು ಶುರುವಾಗಿದ್ದು ಒಂದು ಗಂಟೆಗೆ. ಕವಿಗಳು ಇಪ್ಪತ್ತು ಜನ, ವಿಷಯ ಎಲ್ಲರಿಗೂ ಒಂದೇ: ತಾಯಿ. ನಿರೂಪಕರು ಮೊದಲೇ ಹೇಳಿಬಿಟ್ಟರು: "ಎರಡು ಸಲ ಹೆಸರು ಕರೀತೀವಿ. ಬರದಿದ್ರೆ ಮುಂದಿನವರು. ಊಟ ತಣ್ಣಗಾಗ್ತಾ ಇದೆ."

ನನ್ನದು ಹದಿನೆಂಟನೇ ಹೆಸರು. ಹದಿನೇಳನೆಯವರು ಪದ್ಯದ ಕೊನೇ ಸಾಲಿಗೆ ಬಂದಾಗ ಮಗ ನನ್ನ ಸೆರಗು ಎಳೆದ. "ಅಮ್ಮಾ, ಬಂತು."

"ಅಜ್ಜಿ ಜೊತೆ ಹೋಗು ಚಿನ್ನ."

"ಊಹೂಂ. ನೀನೇ." ಮುಖ ನೋಡಿದರೆ ಆಗಲೇ ಅರ್ಧ ಬಂದುಬಿಟ್ಟಿದೆ.

ಎತ್ತಿಕೊಂಡು ಸಭಾಂಗಣದ ಹಿಂದಕ್ಕೆ ಓಡಿದೆ. ಅವನ ಚಡ್ಡಿ ನನ್ನ ಕೈಯಲ್ಲಿದೆ, ಹೊರಗಿನ ಸ್ಪೀಕರಿನಲ್ಲಿ ನನ್ನ ಹೆಸರು! ಒಂದು ಸಲ. ಅವನದು ಮುಗಿಯೋದೇ ಇಲ್ಲ. ಎರಡನೇ ಸಲ. ಹೋಯ್ತು. ನನಗೆ ಅಳು ಬಂದುಬಿಟ್ಟಿತು, ನಿಜವಾಗಿ ಅತ್ತುಬಿಟ್ಟೆ.

ಆಗ ಸ್ಪೀಕರಿನಲ್ಲಿ ಒಂದು ಸಣ್ಣ ದನಿ: "ಅಮ್ಮ ತಮ್ಮನ್ನ ಉಚ್ಚೆ ಉಯ್ಸಕ್ಕೆ ಹೋಗವ್ಳೆ. ನಂಗೆ ಪೂರ್ತಿ ಬರುತ್ತೆ, ಹೇಳ್ತೀನಿ." ನಿರೂಪಕರು ಏನೋ ಅಂದರು. ಅವರಿಗಿಂತ ಜೋರಾಗಿ ಮುಂದಿನ ಸಾಲಿಂದ ನಮ್ಮತ್ತೆ: "ಯೋಳ್ಲಿ ಬುಡಿ ಸಾಮಿ!"

ಮಗಳು ಹೇಳಿದಳು. ಒಲೆ ಮುಂದೆ ಕೇಳಿಸಿಕೊಂಡಿದ್ದು ಹೇಗೋ ಹಾಗೇ, ಒಂದಕ್ಷರ ಬಿಡದೆ.

"ಮಡಿಲಲಿ ಮಲಗು ನನ್ನ ಕಂದ,
ನಿನ್ನ ಉಸಿರೇ ನನ್ನ ಹಾಡು.
ಲೇ, ಇಳೀಲಾ ಕಿಟಕಿ ಮೇಲಿಂದ, ಬಂದ್ರೆ ಸೊಂಟ ಮುರೀತೀನಿ!
ನಿನ್ನ ನಗುವಿಗೆ ನೂರು ಜನುಮ
ಕಾದು ಕುಳಿತೆನು ನೋಡು.
ಅತ್ತೇ, ಹಾಲುಕ್ತು, ಒಲೆ ಆರ್ಸಿ ಅತ್ತೇ!"

ನಾಲ್ಕು ಚರಣ, ಬೈಗುಳ ಸಮೇತ. ಕೊನೆಗೆ ತನ್ನದೂ ಒಂದು ಸೇರಿಸಿದಳು: "ಬರ್ದಿದ್ದು ನಮ್ಮಮ್ಮ. ತಮ್ಮನ್ನ ಎತ್ಕಂಡಿದ್ದು ನಮ್ಮಜ್ಜಿ."

ನಾನು ಚಡ್ಡಿಯಿಲ್ಲದ ಮಗನನ್ನ ಎತ್ತಿಕೊಂಡು ಬಾಗಿಲಿಗೆ ಬಂದಾಗ ಜನ ನಕ್ಕು ನಕ್ಕು ಕಣ್ಣೊರೆಸಿಕೊಳ್ತಿದ್ದರು, ಚಪ್ಪಾಳೆ ನಿಲ್ಲುತ್ತಿರಲಿಲ್ಲ. ಅಧ್ಯಕ್ಷರು ಎದ್ದು ನಿಂತರು. "ಇಲ್ಲಿವರೆಗೆ ಹದಿನೇಳು ಜನ ತಾಯಿ ಬಗ್ಗೆ ಓದಿದ್ರು. ತಾಯಿ ಮಾತಾಡಿದ್ದು ಈಗ ಕೇಳಿದೆ" ಅಂದು, ನನ್ನನ್ನ ಕರೆದು ಶಾಲು ಹೊದಿಸಿದರು. ಮೈಕಿನ ಮುಂದೆ ನಿಂತೆ. ಒಂದು ಸಾಲೂ ಓದಲಿಲ್ಲ. ಮಗಳನ್ನ ತಬ್ಬಿಕೊಂಡು ನಿಂತೆ. ಅಷ್ಟು ಹೆಮ್ಮೆ ನನಗೆ ಹುಟ್ಟಿದಾಗಿಂದ ಆಗಿರಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಚಡ್ಡಿ ಒದ್ದೆ ಅಂತ ಮಗನಿಗೆ ಆ ಶಾಲನ್ನೇ ಸುತ್ತಿ ಅತ್ತೆ ತೊಡೆ ಮೇಲೆ ಮಲಗಿಸಿದ್ದೆವು. ಕಂಡಕ್ಟರು ಜರಿ ಶಾಲು ನೋಡಿ ಕೇಳಿದರು, "ಏನಜ್ಜಿ, ಸನ್ಮಾನ ಆದಂಗದೆ. ಯಾರಿಗೆ?"

ಅತ್ತೆ ಮೊಮ್ಮಗನ ತಲೆ ಸವರಿದರು. "ಇವ್ನಿಗೇ ಕಣಪ್ಪ. ಇವ್ನು ಒಸಿ ತಡ್ಕಂಡಿದ್ರೆ, ನಮ್ ಸೊಸೆ ಬರೀ ಪದ್ಯ ಓದ್ಬುಟ್ಟು ಬತ್ತಿದ್ಲು."